ಆಟಗಳನ್ನು ರಚಿಸಿದ ಅರಸರು

ಈಗ ಆಟವೆಂದೊಡನೆ ನಮ್ಮಲ್ಲಿ ಬಹುಮಂದಿಗೆ ಮೊಬೈಲಿನ ಪರದೆಯೇ ನೆನಪಾಗುತ್ತದೆ. ವಿಡಿಯೋ ಆಟಗಳಲ್ಲಿ ದೊಡ್ಡ ಕಂಪೆನಿಗಳ ತಯಾರಿಕೆ ಒಂದು ಬಗೆ. ಒಬ್ಬನೇ ಕುಳಿತು ಚಿತ್ರ, ಕಥೆ, ನಿಯಮ ಮೂರನ್ನೂ ತನ್ನ ಮನಸ್ಸಿಗೆ ಒಪ್ಪುವಂತೆ ಕಲ್ಪಿಸುವುದು ಇನ್ನೊಂದು ಬಗೆ. ಇಂತಹ ಸ್ವತಂತ್ರ ರಚಕನನ್ನು ಕಲಾವಿದನೆನ್ನಬಹುದೆ? ಕವಿಗಿರುವಂತೆ ಅವನಿಗೂ ಒಂದು ಶೈಲಿಯಿದೆಯೆ? ಈ ಪ್ರಶ್ನೆ ಹೊಸದೆಂದು ತೋರಬಹುದು. ಆದರೆ ಒಂದೂವರೆ ಶತಮಾನಕ್ಕೂ ಹಿಂದೆಯೇ ನಮ್ಮ ನಾಡಿನಲ್ಲಿ ಅಂತಹವರೊಬ್ಬರಿದ್ದರು. ಅವರೇ ಮುಮ್ಮಡಿ ಕೃಷ್ಣರಾಜ ಒಡೆಯರು.

1794ರಲ್ಲಿ ಜನಿಸಿದ ಅವರು 1799ರಲ್ಲಿ, ಟಿಪ್ಪು ಸುಲ್ತಾನನ ಪತನಾನಂತರ, ಬಾಲಕರಾಗಿಯೇ ಸಿಂಹಾಸನವನ್ನೇರಿದರು. 1831ರಲ್ಲಿ ಆಂಗ್ಲರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಅಲ್ಲಿಂದ 1868ರಲ್ಲಿ ಕಾಲವಾಗುವವರೆಗೆ ಅವರು ಅಧಿಕಾರವಿಲ್ಲದ ಅರಸರು. ಆ ದೀರ್ಘಕಾಲದಲ್ಲಿ ಅವರ ಬುದ್ಧಿಯೂ ಐಶ್ವರ್ಯವೂ ಸಾಹಿತ್ಯ, ಸಂಗೀತ, ಚಿತ್ರಗಳತ್ತ ಹರಿದವು. ಅವರ 'ಶ್ರೀತತ್ತ್ವನಿಧಿ'ಯಲ್ಲಿ ಒಂಬತ್ತು ನಿಧಿಗಳಿವೆ. ಅವುಗಳಲ್ಲಿ 'ಕೌತುಕನಿಧಿ'ಯಲ್ಲಿ ಅವರು ಕಲ್ಪಿಸಿದ ಎಲೆಯಾಟಗಳ ವಿವರವಿದೆ.

ಇವುಗಳಿಗೆ ಮೂಲ ಗಂಜೀಫಾ. ಬಾಬರನು ತನ್ನ ಮಿತ್ರನಿಗೆ ಈ ಎಲೆಗಳನ್ನು ಕಳುಹಿಸಿದ ಸಂಗತಿ 1527ರಷ್ಟು ಹಿಂದಿನದು. ಮುಂದೆ ನಮ್ಮವರು ಅದನ್ನು ದಶಾವತಾರಕ್ಕೆ ಹೊಂದಿಸಿಕೊಂಡರು: ಅವತಾರಕ್ಕೆ 12ರಂತೆ 120 ಎಲೆಗಳು, ಪ್ರತಿಯೊಂದು ಬಣದಲ್ಲಿಯೂ ರಾಜ, ಮಂತ್ರಿ ಮತ್ತು ಹತ್ತು ಅಂಕಿಗಳು. ಸ್ವಾರಸ್ಯವೇನೆಂದರೆ, ಅರ್ಧ ಬಣಗಳಲ್ಲಿ ಹತ್ತು ದೊಡ್ಡದು, ಉಳಿದರ್ಧದಲ್ಲಿ ಒಂದು ದೊಡ್ಡದು. ಹಗಲಿನಲ್ಲಿ ರಾಮನನ್ನು ಪಡೆದವನು ಮೊದಲು ಆಡಬೇಕು. ರಾತ್ರಿಯಲ್ಲಿ ಕೃಷ್ಣನನ್ನು ಪಡೆದವನು.

ಒಡೆಯರು ಈ ಸರಳ ಕಟ್ಟನ್ನು ಬೃಹತ್ತಾಗಿ ಬೆಳೆಸಿದರು. ತಮ್ಮ ಆಟಗಳಿಗೆ 'ಛದ' ಎಂದು ಹೆಸರಿಟ್ಟರು, ಛದವೆಂದರೆ ಎಲೆ. ಚಾಮುಂಡೇಶ್ವರೀ ಛದ, ನವಗ್ರಹ ಛದ, ಪಂಚಪಾಂಡವ ಛದ, ಜಗನ್ಮೋಹನ ಛದ ಮುಂತಾದವು ಅವರ ರಚನೆಗಳು. ಬಣದಲ್ಲಿ 12 ಅಂಕಿಯ ಎಲೆಗಳು, ಆರು ಆಸ್ಥಾನದ ಎಲೆಗಳು, ಬಣಗಳು ಹದಿನೆಂಟರವರೆಗೆ, ಒಟ್ಟು ಎಲೆಗಳು 360ರವರೆಗೆ! ಇಲ್ಲಿಯೇ ಅವರ ಶೈಲಿ ಕಾಣುವುದು. ಚಿತ್ರವು ಆಟಕ್ಕೆ ತೊಡಿಸಿದ ಅಲಂಕಾರವಲ್ಲ; ದೇವತೆಯ ವಾಹನ, ಆಯುಧ, ವರ್ಣಗಳ ಲಕ್ಷಣವನ್ನು ಅರಿಯದವನು ಎಲೆಯನ್ನೇ ಗುರುತಿಸಲಾರ. ಆಡುತ್ತಾಡುತ್ತಾ ಅವನು ಪುರಾಣವನ್ನು ಕಲಿಯಬೇಕಾಗುತ್ತದೆ.

ಚದುರಂಗದ ಕುದುರೆಯನ್ನು 64 ಮನೆಗಳಲ್ಲಿಯೂ ಒಂದೊಂದೇ ಬಾರಿ ನಡೆಸುವ ಸಮಸ್ಯೆಯೂ ಅವರಿಗೆ ಪ್ರಿಯವಾಗಿತ್ತು. ಒಂಬತ್ತನೆಯ ಶತಮಾನದ ರುದ್ರಟನ 'ಕಾವ್ಯಾಲಂಕಾರ'ದಲ್ಲಿಯೇ ಈ ತುರಗಬಂಧವಿದೆ; ಒಡೆಯರು ಅದರಲ್ಲಿ ಹೊಸ ದಾರಿಗಳನ್ನು ಕಂಡುಹಿಡಿದರು. 1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆಯ ಮೇಲಂತಸ್ತಿನ ಗೋಡೆಗಳ ಮೇಲೆ ಆಟದ ಮನೆಗಳು ಚಿತ್ರಿತವಾಗಿವೆ.

ಇಷ್ಟೆಲ್ಲ ಇದ್ದರೂ ಈ ಆಟಗಳು ಅರಮನೆಯ ಹೊರಗೆ ಬೇರೂರಲಿಲ್ಲ. ಕಾರಣ ಸ್ಪಷ್ಟ. ಮುನ್ನೂರು ಎಲೆಗಳ ಕಟ್ಟನ್ನು ಬರೆಯಿಸಲು ಅರಸನ ಬೊಕ್ಕಸ ಬೇಕು. ಆಡಲು ಅರಸನ ಬಿಡುವು ಬೇಕು. ನಮ್ಮ ಮುಳಬಾಗಿಲಿನ ಸೀಮೆಯ ಹುಲಿ-ಕುರಿ, ಚೌಕಾಬಾರ, ಅಳಗುಳಿಮನೆಗಳನ್ನು ನೋಡಿರಿ. ಅವುಗಳ ರಚಕ ಯಾರೋ ತಿಳಿಯದು. ಒಂದು ಇದ್ದಲಿನ ಚೂರು, ನಾಲ್ಕು ಹುಣಿಸೆಬೀಜ, ಒಂದು ಜಗಲಿ ಇದ್ದರೆ ಸಾಕು. ಒಡೆಯರ ಆಟಗಳು ನೋಡುವವರ ಕಣ್ಣಿನಲ್ಲಿ ಉಳಿದವು. ಇವು ಆಡುವವರ ಕೈಯಲ್ಲಿ ಉಳಿದವು. ಆಟವು ಕಲೆಯಾಗಬೇಕಾದರೆ ನೋಡಿಸಿಕೊಂಡರೆ ಸಾಲದು, ಆಡಿಸಿಕೊಳ್ಳಲೂ ಬೇಕು.

ಆದರೆ ಕೈಯಲ್ಲಿ ಉಳಿದುದೂ ಶಾಶ್ವತವಲ್ಲ. ಗಂಜೀಫಾ ಚಿತ್ರಕಲೆಯನ್ನು ರಘುಪತಿ ಭಟ್ಟರಂತಹ ಕಲಾವಿದರು ಮೈಸೂರಿನಲ್ಲಿ ಮತ್ತೆ ಎತ್ತಿ ಹಿಡಿದರು; ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ಹಳೆಯ ಆಟದ ಮಣೆಗಳನ್ನು ಪ್ರದರ್ಶಿಸಿತು. ಮಣೆಯನ್ನು ಗಾಜಿನ ಪೆಟ್ಟಿಗೆಯಲ್ಲಿಡಬಹುದು, ನಿಯಮವನ್ನು ಇಡಲಾಗದು. ಅದು ಅಜ್ಜಿಯ ಬಾಯಿಂದ ಮೊಮ್ಮಗಳ ಕಿವಿಗೆ ಬರಬೇಕು. ಮುಂದೆ ನಮ್ಮಲ್ಲಿ ಯಾರಾದರೂ ಪರದೆಯ ಮೇಲೆ ಸ್ವಂತ ಆಟವೊಂದನ್ನು ರಚಿಸುವುದಾದರೆ, ಅರಸರ ಕಲ್ಪನೆಯನ್ನೂ ಅಜ್ಜಿಯ ಸರಳತೆಯನ್ನೂ ಕೂಡಿಸಿಕೊಳ್ಳಲಿ. ಅದಕ್ಕೆ ಮುಂಚೆ ಈ ರಜೆಯಲ್ಲಿ ಮನೆಯ ಹಿರಿಯರಿಂದ ಒಂದಾದರೂ ಆಟದ ನಿಯಮವನ್ನು ಕೇಳಿ ಬರೆದಿಟ್ಟುಕೊಳ್ಳೋಣ.