ಅಂತರಿಕ್ಷದ ಚೂರುಗಳು ಮತ್ತು ರಾಷ್ಟ್ರಗಳ ಆತ್ಮರಕ್ಷಣೆ

ಹವಾಮಾನದ ಮುನ್ಸೂಚನೆ, ಬೆಳೆಯ ಅಂದಾಜು, ದಾರಿ ತೋರುವ ಸಂಕೇತ, ಗಡಿಯ ಕಾವಲು ಮುಂತಾದ ಅನೇಕ ಕೆಲಸಗಳಿಗೆ ಇಂದು ಕೃತಕ ಉಪಗ್ರಹಗಳು ಬೇಕು. ಇಷ್ಟು ಅಗತ್ಯವಾದ ಸಾಧನವನ್ನು ಶತ್ರುವಿನಿಂದ ಕಾಪಾಡಿಕೊಳ್ಳಲು ಪ್ರತಿಯೊಂದು ರಾಷ್ಟ್ರವೂ ಬಯಸುವುದು ಸಹಜ. ಅಗತ್ಯ ಬಿದ್ದರೆ ಶತ್ರುವಿನ ಉಪಗ್ರಹವನ್ನು ಹೊಡೆದುರುಳಿಸುವ ಶಕ್ತಿಯೂ ತನಗಿರಬೇಕೆಂದು ಅದು ಯೋಚಿಸುತ್ತದೆ. ಆದರೆ ಒಡೆದ ಉಪಗ್ರಹದ ಚೂರುಗಳಿಗೆ ಶತ್ರು ಯಾರು, ಮಿತ್ರ ಯಾರು ಎಂಬ ಭೇದವಿಲ್ಲ. ಸಮಸ್ಯೆ ಇರುವುದು ಇಲ್ಲಿಯೇ.

ನೆಲದ ಮೇಲೆ ಸ್ಫೋಟ ಸಂಭವಿಸಿದರೆ ಚೂರುಗಳು ಕ್ಷಣಮಾತ್ರದಲ್ಲಿ ಬಿದ್ದು ಸುಮ್ಮನಾಗುತ್ತವೆ. ಕಕ್ಷೆಯಲ್ಲಿ ಹಾಗಲ್ಲ. ಅಲ್ಲಿ ಪ್ರತಿ ಚೂರೂ ಸೆಕೆಂಡಿಗೆ 7ರಿಂದ 8 ಕಿಲೋಮೀಟರ್ ವೇಗದಲ್ಲಿ ಭೂಮಿಯನ್ನು ಸುತ್ತುತ್ತಲೇ ಇರುತ್ತದೆ. ಆ ವೇಗದಲ್ಲಿ ಒಂದು ಸಣ್ಣ ಗೋಲಿಯಷ್ಟು ಲೋಹವೂ ಉಪಗ್ರಹವನ್ನು ನಿಷ್ಕ್ರಿಯಗೊಳಿಸಬಲ್ಲದು. ಸುಮಾರು 300 ಕಿಲೋಮೀಟರ್ ಎತ್ತರದಲ್ಲಿ ತೆಳುವಾದ ಗಾಳಿಯ ತಡೆಯಿಂದ ಚೂರುಗಳು ಬಹುಬೇಗ ಕೆಳಗಿಳಿದು ಉರಿದುಹೋಗುತ್ತವೆ. 800 ಕಿಲೋಮೀಟರ್ ಎತ್ತರದಲ್ಲಾದರೋ ಅವು ಹತ್ತಾರು ವರ್ಷ, ಕೆಲವೊಮ್ಮೆ ಶತಮಾನಕ್ಕೂ ಹೆಚ್ಚು ಕಾಲ ಉಳಿಯುತ್ತವೆ.

ಇದಕ್ಕೆ ನಿದರ್ಶನಗಳಿವೆ. 2007ರ ಜನವರಿಯಲ್ಲಿ ಚೀನಾ ತನ್ನದೇ ಹಳೆಯ ಹವಾಮಾನ ಉಪಗ್ರಹವೊಂದನ್ನು 850 ಕಿಲೋಮೀಟರಿಗೂ ಹೆಚ್ಚು ಎತ್ತರದಲ್ಲಿ ಕ್ಷಿಪಣಿಯಿಂದ ಒಡೆಯಿತು. ರಾಡಾರಿಗೆ ಕಾಣುವ ಚೂರುಗಳೇ 3,000ಕ್ಕೂ ಹೆಚ್ಚು ಹುಟ್ಟಿದವು. 2019ರ ಮಾರ್ಚ್ 27ರಂದು ಭಾರತವು 'ಮಿಷನ್ ಶಕ್ತಿ' ಪರೀಕ್ಷೆ ನಡೆಸಿದಾಗ, ಚೂರುಗಳು ಬೇಗ ಬೀಳಲೆಂದು 300 ಕಿಲೋಮೀಟರಿಗಿಂತ ಕೆಳಗಿದ್ದ ಗುರಿಯನ್ನು ಆಯ್ದುಕೊಂಡಿತು. ಆದರೂ ಕೆಲವು ಚೂರುಗಳು ಮೇಲಕ್ಕೆ ಚಿಮ್ಮಿ ಒಂದು ವರ್ಷಕ್ಕೂ ಹೆಚ್ಚು ಕಾಲ ಉಳಿದವು. 2021ರ ನವೆಂಬರಿನಲ್ಲಿ ರಷ್ಯಾ ತನ್ನ ಉಪಗ್ರಹವೊಂದನ್ನು ಒಡೆದಾಗ ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದಲ್ಲಿದ್ದ 7 ಮಂದಿ ತಮ್ಮ ನೌಕೆಗಳೊಳಗೆ ಆಶ್ರಯ ಪಡೆಯಬೇಕಾಯಿತು. ಅವರಲ್ಲಿ ಇಬ್ಬರು ರಷ್ಯನ್ನರೇ ಆಗಿದ್ದರು ಎಂಬುದು ಗಮನಾರ್ಹ.

ಕಾನೂನು ಏನು ಹೇಳುತ್ತದೆ? 1967ರ ಅಂತರಿಕ್ಷ ಒಪ್ಪಂದವು ಕಕ್ಷೆಯಲ್ಲಿ ಅಣ್ವಸ್ತ್ರಗಳನ್ನು ಹಾಗೂ ಇತರ ಸಾಮೂಹಿಕ ವಿನಾಶದ ಅಸ್ತ್ರಗಳನ್ನು ಇರಿಸುವುದನ್ನು ನಿಷೇಧಿಸಿದೆ. ಸಾಮಾನ್ಯ ಅಸ್ತ್ರಗಳ ಬಗ್ಗೆ ಅದು ಮೌನವಾಗಿದೆ. ವಿಶ್ವಸಂಸ್ಥೆಯ ಸನ್ನದಿನ 51ನೆಯ ವಿಧಿ ನೀಡಿರುವ ಆತ್ಮರಕ್ಷಣೆಯ ಹಕ್ಕು ಅಂತರಿಕ್ಷಕ್ಕೂ ಅನ್ವಯಿಸುತ್ತದೆಂಬುದು ಬಹುಪಾಲು ರಾಷ್ಟ್ರಗಳ ನಿಲುವು. 1972ರ ಹೊಣೆಗಾರಿಕೆ ಒಪ್ಪಂದದ ಪ್ರಕಾರ, ಚೂರು ಭೂಮಿಗೆ ಬಿದ್ದು ಹಾನಿಯಾದರೆ ಉಡಾಯಿಸಿದ ರಾಷ್ಟ್ರ ಪರಿಹಾರ ಕೊಡಲೇಬೇಕು. ಆದರೆ ಹಾನಿ ಕಕ್ಷೆಯಲ್ಲೇ ಆದರೆ ತಪ್ಪು ಯಾರದೆಂದು ರುಜುವಾತು ಮಾಡಬೇಕು. ಬೆರಳಿನಷ್ಟು ಚೂರು ಯಾವ ದೇಶದ್ದೆಂದು ಸಾಬೀತುಪಡಿಸುವುದು ಸುಲಭವಲ್ಲ.

ಹಾಗಾದರೆ ಕಸವನ್ನು ಗುಡಿಸಿಬಿಡಬಹುದಲ್ಲವೆ ಎಂದು ಕೇಳಬಹುದು. ಕೆಟ್ಟುಹೋದ ಉಪಗ್ರಹದ ಮೇಲೂ ಅದನ್ನು ನೋಂದಾಯಿಸಿದ ರಾಷ್ಟ್ರದ ಅಧಿಕಾರ ಮುಂದುವರಿಯುತ್ತದೆ. ಅನುಮತಿಯಿಲ್ಲದೆ ಬೇರೆಯವರು ಮುಟ್ಟುವಂತಿಲ್ಲ. 2022ರ ಜನವರಿಯಲ್ಲಿ ಚೀನಾದ ನೌಕೆಯೊಂದು ತನ್ನ ದೇಶದ ನಿಷ್ಕ್ರಿಯ ಉಪಗ್ರಹವನ್ನು ದೂರದ ಕಕ್ಷೆಗೆ ಎಳೆದೊಯ್ದಿತು. ಶುಚಿಗೊಳಿಸುವ ದೃಷ್ಟಿಯಿಂದ ಇದು ಮೆಚ್ಚತಕ್ಕ ಕೆಲಸ. ಆದರೆ ಕೆಟ್ಟದ್ದನ್ನು ಎಳೆಯಬಲ್ಲ ನೌಕೆ ಕೆಲಸ ಮಾಡುತ್ತಿರುವುದನ್ನೂ ಎಳೆಯಬಲ್ಲದು ಎಂಬ ಸಂಶಯ ಇತರರಲ್ಲಿ ಉಳಿಯುತ್ತದೆ.

ಆದ್ದರಿಂದ ಅಸ್ತ್ರಗಳನ್ನೆಲ್ಲ ನಿಷೇಧಿಸುವ ಪ್ರಯತ್ನ ಬೇಗ ಫಲಿಸುವಂತಿಲ್ಲ. ಯಾವುದು ಅಸ್ತ್ರ ಎಂಬ ವ್ಯಾಖ್ಯೆಯಲ್ಲೇ ಅದು ಸಿಕ್ಕಿಕೊಳ್ಳುತ್ತದೆ. ಪರಿಣಾಮವನ್ನು ನಿಯಂತ್ರಿಸುವುದು ಹೆಚ್ಚು ಕಾರ್ಯಸಾಧ್ಯ. ಊರಿನ ಜಗಳದಲ್ಲಿ ಬೇಲಿ ಕಾಯುವ ಹಕ್ಕು ಎಲ್ಲರಿಗೂ ಇದ್ದರೂ, ಎಲ್ಲರೂ ಕುಡಿಯುವ ಕೆರೆಗೆ ವಿಷ ಹಾಕುವ ಹಕ್ಕು ಯಾರಿಗೂ ಇಲ್ಲವಷ್ಟೆ. ಶತ್ರುವಿನ ಸಂಕೇತವನ್ನು ತಾತ್ಕಾಲಿಕವಾಗಿ ತಡೆಯುವುದು, ತನ್ನ ಉಪಗ್ರಹವನ್ನು ಅಪಾಯದಿಂದ ಸರಿಸುವುದು, ಒಂದರ ಬದಲು ಹಲವು ಸಣ್ಣ ಉಪಗ್ರಹಗಳನ್ನು ಇಡುವುದು – ಇವೆಲ್ಲ ಚೂರುಗಳಿಲ್ಲದ ರಕ್ಷಣಾ ಕ್ರಮಗಳು. ಉಪಗ್ರಹವನ್ನು ಒಡೆಯುವ ಪರೀಕ್ಷೆಯೊಂದನ್ನು ಕೈಬಿಟ್ಟರೆ ಯಾವ ರಾಷ್ಟ್ರವೂ ನಿಶ್ಶಸ್ತ್ರವಾಗುವುದಿಲ್ಲ.

ಅಮೆರಿಕವು 2022ರ ಏಪ್ರಿಲಿನಲ್ಲಿ ಇಂಥ ಕ್ಷಿಪಣಿ ಪರೀಕ್ಷೆಗಳನ್ನು ತಾನು ನಡೆಸುವುದಿಲ್ಲವೆಂದು ಘೋಷಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಇದೇ ಆಶಯದ ನಿರ್ಣಯಕ್ಕೆ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 155 ರಾಷ್ಟ್ರಗಳು ಒಪ್ಪಿಗೆ ನೀಡಿದವು. ರಷ್ಯಾ, ಚೀನಾ ಸೇರಿ 9 ರಾಷ್ಟ್ರಗಳು ವಿರೋಧಿಸಿದವು. ಭಾರತವೂ ಸೇರಿ 9 ರಾಷ್ಟ್ರಗಳು ತಟಸ್ಥವಾಗಿ ಉಳಿದವು. ಈ ನಿರ್ಣಯ ಯಾರನ್ನೂ ಕಾನೂನಿನಿಂದ ಕಟ್ಟಿಹಾಕುವುದಿಲ್ಲ.

ಬೆಂಗಳೂರಿನಲ್ಲಿರುವ ಇಸ್ರೋ ಸಂಸ್ಥೆಯ ಕೇಂದ್ರವೊಂದು ನಮ್ಮ ಉಪಗ್ರಹಗಳ ಬಳಿಗೆ ಬರುವ ಚೂರುಗಳನ್ನು ಲೆಕ್ಕಹಾಕಿ ಎಚ್ಚರಿಕೆ ನೀಡುತ್ತದೆ. 2030ರ ಹೊತ್ತಿಗೆ ನಮ್ಮ ಎಲ್ಲ ಅಂತರಿಕ್ಷ ಯಾನಗಳೂ ತ್ಯಾಜ್ಯರಹಿತವಾಗಬೇಕೆಂಬ ಗುರಿಯನ್ನು ಭಾರತ 2024ರಲ್ಲಿ ಪ್ರಕಟಿಸಿದೆ. ತನ್ನ ಶಕ್ತಿಯನ್ನು ಈಗಾಗಲೇ ತೋರಿಸಿರುವ ರಾಷ್ಟ್ರಕ್ಕೆ, ಇನ್ನು ಇಂಥ ಪರೀಕ್ಷೆ ಬೇಡವೆಂದು ಹೇಳಲು ಹಿಂಜರಿಯಬೇಕಾದ ಕಾರಣವಿಲ್ಲ.