ಎಡಗಡೆ ಉಳಿದುಹೋದ ಸಿರೆ, ಪೇಸ್‌ಮೇಕರ್‌ಗೆ ಹೊಸ ದಾರಿ

ಭ್ರೂಣದಲ್ಲಿ ತಲೆ ಮತ್ತು ತೋಳುಗಳ ರಕ್ತವನ್ನು ಹೃದಯಕ್ಕೆ ಇಳಿಸುವ ದೊಡ್ಡ ಸಿರೆಗಳು ಎರಡಿರುತ್ತವೆ, ಎಡಕ್ಕೊಂದು, ಬಲಕ್ಕೊಂದು. ಹುಟ್ಟುವ ಮೊದಲೇ ಎಡಗಡೆಯದು ಮುಚ್ಚಿಹೋಗಿ ಬಲಗಡೆಯದು ಮಾತ್ರ ಮೇಲ್ಮಹಾಸಿರೆಯಾಗಿ ಉಳಿಯುತ್ತದೆ. ಮುಚ್ಚಿದ ಸಿರೆಯ ಕುರುಹನ್ನು ಇಂಗ್ಲೆಂಡಿನ ಶಸ್ತ್ರವೈದ್ಯ ಜಾನ್ ಮಾರ್ಷಲ್ 1850ರಲ್ಲಿ ವಿವರಿಸಿದರು. ಸಾವಿರಕ್ಕೆ ಸುಮಾರು ಮೂರರಿಂದ ಐದು ಮಂದಿಯಲ್ಲಿ ಈ ಎಡಸಿರೆ ಮುಚ್ಚುವುದೇ ಇಲ್ಲ. ಆದರೂ ಸಾಮಾನ್ಯವಾಗಿ ಅದರ ರಕ್ತ ಹೃದಯದ ಹಿಂಬದಿಯ ಕೊರೊನರಿ ಸೈನಸ್ ಮೂಲಕ ಬಲ ಹೃತ್ಕರ್ಣವನ್ನೇ ಸೇರುವುದರಿಂದ ತೊಂದರೆಯೇನೂ ಆಗದು. ಎಷ್ಟೋ ಜನರಿಗೆ ಬದುಕಿಡೀ ಗೊತ್ತೇ ಆಗುವುದಿಲ್ಲ.

ಪೇಸ್‌ಮೇಕರ್ ಬಂದ ಮೇಲೆ ಈ ಸಿರೆ ಲೆಕ್ಕಕ್ಕೆ ಬಂತು. 1958ರ ಅಕ್ಟೋಬರ್ 8ರಂದು ಸ್ಟಾಕ್‌ಹೋಮ್‌ನಲ್ಲಿ ಓಕೆ ಸೆನ್ನಿಂಗ್ ಮೊದಲ ಪೇಸ್‌ಮೇಕರನ್ನು ದೇಹದೊಳಗೆ ಇಟ್ಟಾಗ ಎದೆ ತೆರೆದು ಹೃದಯದ ಹೊರಮೈಗೆ ತಂತಿ ಜೋಡಿಸಿದ್ದರು. ಅದೇ ವರ್ಷ ನ್ಯೂಯಾರ್ಕ್‌ನ ಸೀಮೋರ್ ಫರ್ಮನ್, ಸಿರೆಯೊಳಗಿಂದ ತಂತಿ ಇಳಿಸಿಯೂ ಹೃದಯವನ್ನು ಬಡಿಯುವಂತೆ ಮಾಡಬಹುದೆಂದು ತೋರಿಸಿದರು. 1960ರ ದಶಕದಲ್ಲಿ ಶಾಶ್ವತ ತಂತಿಗಳೂ ಸಿರೆಯ ಮೂಲಕವೇ ಹೋಗತೊಡಗಿದವು. ಬಲಗೈ ಬಳಸುವವರೇ ಹೆಚ್ಚಾದ್ದರಿಂದ ಎಡಭುಜದ ಕೆಳಗೆ ಯಂತ್ರ ಇಡುವುದು ರೂಢಿಯಾಯಿತು. ಉಳಿದುಹೋದ ಸಿರೆ ಇರುವುದೂ ಅದೇ ಬದಿಯಲ್ಲಿ.

ಎಕ್ಸ್‌ರೇ ಪರದೆಯ ಮೇಲೆ ಬೆನ್ನುಮೂಳೆ ದಾಟಿ ಬಲಕ್ಕೆ ಹೊರಳಬೇಕಾದ ತಂತಿ ಇಂಥವರಲ್ಲಿ ಎಡ ಅಂಚಿನಲ್ಲೇ ನೇರ ಕೆಳಗಿಳಿಯುತ್ತದೆ. ಕೊರೊನರಿ ಸೈನಸ್ ಹಾದು ಹೃತ್ಕರ್ಣಕ್ಕೆ ಬಂದರೆ ಅದರ ತುದಿ ಹೃತ್ಕುಕ್ಷಿಯ ಕವಾಟಕ್ಕೆ ಬೆನ್ನು ಮಾಡಿರುತ್ತದೆ. ತಳ್ಳಿದಷ್ಟೂ ಎದುರಿನ ಗೋಡೆಗೇ ಹೋಗಿ ತಾಗುತ್ತದೆ. ಇದಕ್ಕೆ ವೈದ್ಯರು ಕಂಡುಕೊಂಡ ಉಪಾಯ ಸೊಗಸಾದದ್ದು. ತಂತಿಯೊಳಗೆ ತೂರಿಸುವ ಸ್ಟೈಲೆಟ್ ಎಂಬ ಸಣ್ಣ ಸರಿಗೆಯನ್ನು ಕೈಯಿಂದಲೇ ಅಗಲವಾಗಿ ಬಾಗಿಸುತ್ತಾರೆ. ಆಗ ತಂತಿ ಆ ಗೋಡೆಗೇ ಒರಗಿ, ಕುಣಿಕೆಯಾಗಿ ತಿರುಗಿ ಕವಾಟ ದಾಟುತ್ತದೆ. ತುದಿಯಲ್ಲಿ ಸ್ಕ್ರೂ ಇರುವ ತಂತಿಗಳು ಬಂದ ಮೇಲೆ ಅದು ಜಾರುವ ಭಯವೂ ತಗ್ಗಿತು. ಬಲಗಡೆಯ ಮಹಾಸಿರೆಯೂ ಇದ್ದರೆ ಆ ಬದಿಯಿಂದ ಹೋಗುವುದೇ ಸುಲಭ. ಕೆಲವರಲ್ಲಿ ಮಾತ್ರ ಅದೂ ಇರುವುದಿಲ್ಲ.

2016ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ, ಸುಮಾರು ಎರಡು ಗ್ರಾಂ ತೂಕದ ತಂತಿರಹಿತ ಪೇಸ್‌ಮೇಕರ್ ಮತ್ತೊಂದು ದಾರಿ ತೆರೆಯಿತು. ತೊಡೆಯ ಸಿರೆಯಿಂದ ಅದನ್ನು ನೇರ ಹೃತ್ಕುಕ್ಷಿಗೆ ಒಯ್ಯಬಹುದು. ಆದರೆ ಎಲ್ಲ ಬಗೆಯ ಲಯದೋಷಕ್ಕೂ ಅದು ಹೊಂದದು.

ಮುಂಚೆಯೇ ತಿಳಿಯುವ ಪರೀಕ್ಷೆ ಸರಳವಾಗಿದೆ. ಕಲಕಿದ ಸಲೈನನ್ನು ಎಡಗೈಗೆ ಚುಚ್ಚಿ ಎಕೋ ನೋಡಿದರೆ, ಎಡಸಿರೆ ಉಳಿದವರಲ್ಲಿ ಗುಳ್ಳೆಗಳು ಹೃತ್ಕರ್ಣಕ್ಕಿಂತ ಮೊದಲು ಕೊರೊನರಿ ಸೈನಸ್‌ನಲ್ಲಿ ಮಿನುಗುತ್ತವೆ. ಎಕೋದಲ್ಲಿ ಕೊರೊನರಿ ಸೈನಸ್ ಹಿಗ್ಗಿದ್ದು ಕಂಡವರಿಗೆ ಈ ಪರೀಕ್ಷೆ ಮಾಡಿಯೇ ಪೇಸ್‌ಮೇಕರ್‌ಗೆ ಕೈಹಾಕುವುದು ಲೇಸು.