ರೈಲುದಾರಿಯೂ ಮನೆಯ ಬೆಲೆಯೂ

ಬೆಂಗಳೂರಿನ ಇಂದಿರಾನಗರ ಮೆಟ್ರೋ ನಿಲ್ದಾಣದಲ್ಲಿ ಇಳಿದು, ನೂರಡಿ ರಸ್ತೆಯನ್ನು ಹಿಡಿದು, ಗಡಿಯಾರವನ್ನು ನೋಡಿಕೊಳ್ಳುತ್ತ ನಾವು ಒಮ್ಮೆ ದೊಮ್ಮಲೂರಿನವರೆಗೆ ನಡೆದೆವು. ದೂರ ಎರಡು ಕಿಲೋಮೀಟರಿಗೂ ಮೇಲು. ಹಿಡಿದ ಹೊತ್ತು ಅರ್ಧ ಗಂಟೆಯ ಹತ್ತಿರ ಹತ್ತಿರ. ದಾರಿಯ ಅಡ್ಡಬೀದಿಗಳಲ್ಲಿ 'ಮನೆ ಬಾಡಿಗೆಗೆ ಇದೆ' ಎಂಬ ಫಲಕಗಳು ಹಲವು ಕಂಡವು. ನಿಲ್ದಾಣದ ಮಗ್ಗುಲಿನ ಮನೆಯೂ 'ಮೆಟ್ರೋಗೆ ಹತ್ತಿರ', ದೊಮ್ಮಲೂರಿನ ಮನೆಯೂ 'ಮೆಟ್ರೋಗೆ ಹತ್ತಿರ'! ಬೇಕಾದಷ್ಟು ಹಿಗ್ಗುವ ಈ 'ಹತ್ತಿರ'ಕ್ಕೆ ನಿಜವಾಗಿ ಎಷ್ಟು ಬೆಲೆ? ಅದನ್ನು ಅಳೆಯುವ ಬಗೆ ಉಂಟೆ?

ದೊಮ್ಮಲೂರು ಇಂದು ನಿನ್ನೆಯ ಬಡಾವಣೆಯಲ್ಲ. ಅಲ್ಲಿನ ಚೊಕ್ಕನಾಥಸ್ವಾಮಿ ದೇವಾಲಯದ ಹಳೆಯ ತಮಿಳು ಶಾಸನಗಳು ಈ ಊರನ್ನು ತೊಂಬಲೂರೆಂದು ಕರೆದು, ದೇವರಿಗೆ ಬಿಟ್ಟ ಭೂಮಿಯನ್ನು ಹೇಳುತ್ತವೆ. ಅಂದು ಹೊಲದ ಯೋಗ್ಯತೆಯನ್ನು ಕೆರೆಯ ನೀರು ಎಷ್ಟು ಸಮೀಪ ಎಂಬುದರಿಂದ ಎಣಿಸುತ್ತಿದ್ದರು. ಇಂದು ಅದೇ ನೆಲದ ಯೋಗ್ಯತೆಯನ್ನು ಕೆಲಸದ ಸ್ಥಳಕ್ಕೆ ಹೋಗಲು ಎಷ್ಟು ನಿಮಿಷ ಬೇಕು ಎಂಬುದರಿಂದ ಎಣಿಸುತ್ತೇವೆ. ಈ ಸಂಬಂಧವನ್ನು ಮೊದಲು ಕ್ರಮಬದ್ಧವಾಗಿ ವಿವರಿಸಿದವನು ಜರ್ಮನಿಯ ಜಮೀನುದಾರ ಫಾನ್ ಥ್ಯೂನೆನ್. 1826ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಅವನು, ಪೇಟೆಯಿಂದ ದೂರ ಹೋದಂತೆಲ್ಲ ಸಾಗಣೆಯ ವೆಚ್ಚ ಹೆಚ್ಚುವುದರಿಂದ ಭೂಮಿಯ ಗೇಣಿ ಇಳಿಯುತ್ತದೆಂದು ತೋರಿಸಿದನು. ಹಾಲು ತರಕಾರಿಗಳು ಪೇಟೆಯ ಮಗ್ಗುಲಲ್ಲಿ, ದನ ಮೇಯುವ ಹುಲ್ಲುಗಾವಲು ದೂರದಲ್ಲಿ. ನಗರದಲ್ಲಿ ಸಾಗಣೆಯಾಗುವ ಸರಕು ಮನುಷ್ಯನೇ. ಅವನ ಸಾಗಣೆಯ ವೆಚ್ಚ ಮುಖ್ಯವಾಗಿ ಅವನ ಹೊತ್ತು.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಅಂಕಿಗಳು ನಮ್ಮ ಕಲ್ಪನೆಯವು. ಓದುಗರು ಬೇಕಾದಂತೆ ಬದಲಿಸಿಕೊಳ್ಳಬಹುದು. ರೈಲು ಬಂದುದರಿಂದ ಒಬ್ಬನಿಗೆ ದಿನಕ್ಕೆ 30 ನಿಮಿಷ ಉಳಿಯಿತೆನ್ನಿ. ವರ್ಷದಲ್ಲಿ 300 ದಿನ ಓಡಾಡಿದರೆ 150 ಗಂಟೆ. ಗಂಟೆಗೆ 100 ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ 15,000, ತಿಂಗಳಿಗೆ 1,250 ರೂಪಾಯಿ. ನಿಲ್ದಾಣದ ಬಳಿಯ ಮನೆಗೆ ಅವನು ಅಷ್ಟು ಹೆಚ್ಚು ಬಾಡಿಗೆ ಕೊಡಲು ಒಪ್ಪಿಯಾನು. ಮನೆಯ ಬೆಲೆಯಾದರೋ ಮುಂದೆ ಬರಲಿರುವ ಬಾಡಿಗೆಗಳೆಲ್ಲದರ ಇಂದಿನ ಮೌಲ್ಯ. ಬಡ್ಡಿ ಶೇಕಡಾ 5 ಆದರೆ, ವರ್ಷಕ್ಕೆ 15,000 ತರುವ ಬಂಡವಾಳ 3 ಲಕ್ಷ ರೂಪಾಯಿ. ಅರ್ಧ ಗಂಟೆಯ ಉಳಿತಾಯವು ಹೀಗೆ ಮೂರು ಲಕ್ಷವಾಗಿ ನೆಲದಲ್ಲಿ ಸೇರಿಕೊಳ್ಳುತ್ತದೆ. ಗೋಡೆ ಮಾಡುಗಳಲ್ಲಿ ಅಲ್ಲ, ನೆಲದಲ್ಲಿ ಎಂಬುದನ್ನು ಗಮನಿಸಬೇಕು. ಕಟ್ಟಡವು ವರ್ಷ ವರ್ಷ ಹಳತಾಗುತ್ತದೆ. ಅಂಥದನ್ನು ಮತ್ತೊಂದು ಕಟ್ಟಬಹುದು. ನಿಲ್ದಾಣದ ಪಕ್ಕದ ನಿವೇಶನವನ್ನು ಮತ್ತೊಂದು ಮಾಡಲಾಗದು.

ಇದೇ ಲೆಕ್ಕ ಇನ್ನೊಂದು ಸಂಗತಿಯನ್ನೂ ಬಿಡಿಸುತ್ತದೆ. ಬೆಂಗಳೂರು ಮೆಟ್ರೋಗೆ ಅಡಿಗಲ್ಲು ಬಿದ್ದುದು 2006ರ ಜೂನ್ ತಿಂಗಳಲ್ಲಿ. ಬೈಯಪ್ಪನಹಳ್ಳಿಯಿಂದ ಮಹಾತ್ಮಾಗಾಂಧಿ ರಸ್ತೆಯವರೆಗಿನ ಆರು ನಿಲ್ದಾಣಗಳ ಮೊದಲ ತುಂಡಿನಲ್ಲಿ ರೈಲು ಓಡಿದುದು 2011ರ ಅಕ್ಟೋಬರ್ 20ರಂದು. ಐದು ವರ್ಷಗಳ ಆಚೆ ಸಿಗುವ 3 ಲಕ್ಷಕ್ಕೆ ಶೇಕಡಾ 5ರ ಬಡ್ಡಿಯಲ್ಲಿ ಇಂದೇ ಸುಮಾರು 2,35,000 ರೂಪಾಯಿ ಬೆಲೆ ಉಂಟು. ಆದುದರಿಂದ ಹಳಿ ಬೀಳುವ ಮೊದಲೇ, ನಕ್ಷೆ ಹೊರಬಿದ್ದ ಕೂಡಲೇ ನಿವೇಶನದ ಬೆಲೆ ಏರತೊಡಗುತ್ತದೆ. ಬಾಡಿಗೆ ಹಾಗಲ್ಲ. ಅಗೆತ, ಧೂಳು, ಮುಚ್ಚಿದ ರಸ್ತೆ ಇವುಗಳಿಗಾಗಿ ಯಾವ ಬಾಡಿಗೆದಾರನೂ ಹೆಚ್ಚು ಹಣ ಕೊಡಲಾರ. ಬೆಲೆಯು ಆಸೆಯನ್ನು ಅಳೆಯುತ್ತದೆ, ಬಾಡಿಗೆಯು ಇಂದಿನ ಸೌಕರ್ಯವನ್ನು. ರೈಲಿನ ನಿಜವಾದ ಪರಿಣಾಮ ತಿಳಿಯಬೇಕಾದರೆ ಬಾಡಿಗೆಯೇ ಹೆಚ್ಚು ನಂಬತಕ್ಕ ಅಳತೆಗೋಲೆಂದು ನಮ್ಮ ಅಭಿಪ್ರಾಯ. ಕ್ರಯಪತ್ರಗಳಲ್ಲಿ ಬರೆದ ಮೊತ್ತವು ಸರ್ಕಾರದ ಮಾರ್ಗಸೂಚಿ ದರದ ಸುತ್ತಲೇ ಸುಳಿದಾಡುವ ರೂಢಿ ಇರುವುದೂ ಇದಕ್ಕೆ ಒಂದು ಕಾರಣ.

ಚಿನ್ಮಯ ಮಿಷನ್ ಆಸ್ಪತ್ರೆ ರಸ್ತೆಯ ವ್ಯಾಪಾರಿಗಳು ಈ ಮಾರ್ಗವನ್ನು ವಿರೋಧಿಸಿದುದನ್ನು ಇಲ್ಲಿ ನೆನೆಯಬೇಕು. ರೈಲು ಹಳೆಯ ಮದರಾಸು ರಸ್ತೆಯಲ್ಲಿ ಹೋಗಲಿ ಎಂದು ಅವರು ಕೇಳಿದರು. ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. ಅವರ ಅಂಜಿಕೆ ಹುರುಳಿಲ್ಲದುದಾಗಿರಲಿಲ್ಲ. ಕಂಬಗಳ ಮೇಲಿನ ದಾರಿಗೆ ತೀರ ಅಂಟಿಕೊಂಡ ಕಟ್ಟಡಕ್ಕೆ ಸದ್ದು ಹೆಚ್ಚು, ಬೆಳಕು ಕಡಿಮೆ; ಮಹಡಿಯ ಕಿಟಕಿ ತೆರೆದರೆ ಎದುರಿಗೆ ರೈಲು. ಆದಕಾರಣ ಬೆಲೆಯ ರೇಖೆ ಹಳಿಯ ಬುಡದಲ್ಲೇ ಶಿಖರಕ್ಕೆ ಏರಬೇಕಾಗಿಲ್ಲ. ನಡೆದು ಹೋಗುವಷ್ಟು ಹತ್ತಿರ, ಸದ್ದು ತಟ್ಟದಷ್ಟು ದೂರ ಇರುವ ಅಡ್ಡಬೀದಿಗಳಲ್ಲಿ ಏರಿ, ಆಮೇಲೆ ಇಳಿದೀತು. ಇನ್ನೊಂದು ಮಾತು: ಹಳಿಯ ಯೋಗ್ಯತೆ ಅದು ಎಲ್ಲಿಗೆ ಒಯ್ಯುತ್ತದೆ ಎಂಬುದರ ಮೇಲೆ ನಿಂತಿದೆ. 2011ರಲ್ಲಿ ಅದು ಏಳು ಕಿಲೋಮೀಟರಿಗಿಂತ ತುಸು ಕಡಿಮೆಯ ದಾರಿ. 2016ರ ಏಪ್ರಿಲ್‌ನಲ್ಲಿ ನೆಲದೊಳಗಿನ ಭಾಗ ತೆರೆದು ಮೆಜೆಸ್ಟಿಕ್ ದಾಟಿ ಮೈಸೂರು ರಸ್ತೆಯವರೆಗೆ ಸೇರಿದಾಗ, ಇಂದಿರಾನಗರದ ನಿಲ್ದಾಣ ಒಂದಿಂಚೂ ಅಲುಗದೆ ಹೆಚ್ಚು ಬೆಲೆಯುಳ್ಳದಾಯಿತು. 2023ರಲ್ಲಿ ಕೃಷ್ಣರಾಜಪುರದಿಂದ ವೈಟ್‌ಫೀಲ್ಡ್‌ಗೆ ಮಾರ್ಚ್‌ನಲ್ಲೇ ರೈಲು ಬಂದರೂ, ಬೈಯಪ್ಪನಹಳ್ಳಿಗೆ ಕೂಡಿಸುವ ಚಿಕ್ಕ ತುಂಡು ಅಕ್ಟೋಬರ್ 9ರವರೆಗೆ ಕಾಯಿತು. ಅಲ್ಲಿಯವರೆಗೆ ಪ್ರಯಾಣಿಕರು ನಡುವೆ ಇಳಿದು ಬಸ್ಸು ಹಿಡಿಯಬೇಕಾಗಿತ್ತು.

ಇನ್ನು ದೊಮ್ಮಲೂರಿಗೆ ಮರಳೋಣ. ಇಂದಿರಾನಗರದ ಮನೆಯ ಬೆಲೆ ಕೆಲವು ವರ್ಷಗಳಲ್ಲಿ 100ರಿಂದ 190ಕ್ಕೆ ಏರಿತೆಂದು ಊಹಿಸಿರಿ. ಈ 90ನ್ನೆಲ್ಲ ರೈಲಿನ ಲೆಕ್ಕಕ್ಕೆ ಬರೆಯುವುದು ಸಲ್ಲದು. ನಗರವೆಲ್ಲ ಆ ಕಾಲದಲ್ಲಿ ಏರುತ್ತಲೇ ಇತ್ತು. ರೈಲು ಮುಟ್ಟದ, ಆದರೆ ಇನ್ನೆಲ್ಲ ವಿಷಯದಲ್ಲಿ ಹೋಲುವ ಒಂದು ನೆರೆಯ ಊರು ಬೇಕು. ದೊಮ್ಮಲೂರಿನಲ್ಲಿ 100 ಇದ್ದುದು 160 ಆಗಿದ್ದರೆ, 90ರಲ್ಲಿ 60 ಕಳೆದು ಉಳಿದ 30 ರೈಲಿನ ಪಾಲು. ಲಂಡನ್ನಿನ ಜ್ಯೂಬಿಲಿ ಮಾರ್ಗ 1999ರಲ್ಲಿ ಮುಂದುವರಿದ ಮೇಲೆ ಸ್ಟೀಫನ್ ಗಿಬ್ಬನ್ಸ್, ಸ್ಟೀಫನ್ ಮೆಚಿನ್ ಎಂಬ ಅರ್ಥಶಾಸ್ತ್ರಜ್ಞರು ಇದೇ ವ್ಯತ್ಯಾಸದ ವ್ಯತ್ಯಾಸವನ್ನು ತೆಗೆದು, ಹೊಸ ನಿಲ್ದಾಣಗಳು ಸಮೀಪವಾದ ಕಡೆ ಬೆಲೆ ಇತರ ಕಡೆಗಿಂತ ಸುಮಾರು ಶೇಕಡಾ 9ರಷ್ಟು ಹೆಚ್ಚು ಏರಿತೆಂದು ಕಂಡರು. ಜಾಹೀರಾತುಗಳ ಅಬ್ಬರಕ್ಕೆ ಹೋಲಿಸಿದರೆ ಇದು ಸೌಮ್ಯವಾದ ಅಂಕಿಯೇ.

ಆದರೆ ದೊಮ್ಮಲೂರು ತಕ್ಕಡಿಯಲ್ಲಿಡತಕ್ಕ ಶುದ್ಧವಾದ ಕಲ್ಲೆ? 2008ರ ಮೇ ತಿಂಗಳಲ್ಲಿ ಪ್ರಯಾಣಿಕರ ವಿಮಾನಗಳು ಎಚ್‌ಎಎಲ್ ನಿಲ್ದಾಣವನ್ನು ಬಿಟ್ಟು ದೇವನಹಳ್ಳಿಗೆ ಹೋದವು. ದೊಮ್ಮಲೂರಿನ ಮುಂದಣ ರಸ್ತೆ 'ಹಳೆಯ' ವಿಮಾನ ನಿಲ್ದಾಣದ ರಸ್ತೆಯಾಯಿತು. ಕೋರಮಂಗಲದ ಕಡೆಗಿನ ವರ್ತುಲ ರಸ್ತೆಯ ಬಳಿ ದೊಡ್ಡ ಕಂಪ್ಯೂಟರ್ ಕಚೇರಿಗಳು ಎದ್ದವು. ಒಂದು ಬೆಲೆಯನ್ನು ಕೆಳಕ್ಕೆ ಎಳೆದಿರಬಹುದು, ಇನ್ನೊಂದು ಮೇಲಕ್ಕೆ. ಜೊತೆಗೆ ಆಟೋ ಹಿಡಿದು ಇಂದಿರಾನಗರದಲ್ಲಿ ರೈಲು ಹತ್ತುವ ದೊಮ್ಮಲೂರಿಗನಿಗೂ ರೈಲಿನ ಲಾಭ ಅಷ್ಟಿಷ್ಟು ಸೇರುತ್ತದೆ. ತೂಗುವ ಕಲ್ಲೇ ತೂಕ ಬದಲಿಸುತ್ತಿದ್ದರೆ ಒಂದೇ ಕಲ್ಲನ್ನು ನಂಬದೆ ಹಲವನ್ನು ಇಡಬೇಕಾಗುತ್ತದೆ.

ಅಳತೆ ಎಷ್ಟೇ ಬರಲಿ, ಅದು ಯಾರ ಕೈಗೆ ಸೇರಿತು ಎಂಬ ಪ್ರಶ್ನೆ ಉಳಿಯುತ್ತದೆ. ಹೊತ್ತು ಉಳಿಯುವುದು ರೈಲಿನಲ್ಲಿ ಹೋಗುವವನಿಗೆ. ಅವನು ಬಾಡಿಗೆಯವನಾದರೆ ಹನ್ನೊಂದು ತಿಂಗಳ ಕರಾರು ಮುಗಿಯುವವರೆಗೆ ಮಾತ್ರ ಲಾಭ ಅವನದು. ಕರಾರು ಹೊಸದಾಗುವಾಗ ಆ 1,250 ರೂಪಾಯಿ ಮಾಲೀಕನ ಪಾಲು. ಅನುಕೂಲದ ಫಲ ಕೊನೆಗೆ ಭೂಮಿಯ ಒಡೆಯನಿಗೆ ಗೇಣಿಯಾಗಿ ಹರಿಯುವ ಬಗೆಯನ್ನು ರಿಕಾರ್ಡೋ 1817ರಲ್ಲೇ ವಿವರಿಸಿದ್ದನು. ಕೊಡಲಾರದವನು ಇನ್ನಷ್ಟು ದೂರದ ಮನೆಗೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಬಂದು ಅದೇ ರೈಲನ್ನು ಹತ್ತುತ್ತಾನೆ. ಹಳಿಗೆ ಹಣ ಹಾಕಿದ್ದು ತೆರಿಗೆ ಕೊಟ್ಟ ಎಲ್ಲರೂ. ಹಾಂಗ್‌ಕಾಂಗ್‌ನಲ್ಲಿ ರೈಲು ಸಂಸ್ಥೆಯೇ ನಿಲ್ದಾಣಗಳ ಮೇಲೆ ಮನೆಗಳನ್ನು ಕಟ್ಟಿಸಿ, ಏರಿದ ಬೆಲೆಯಲ್ಲಿ ಒಂದು ಪಾಲನ್ನು ಹಳಿಗೇ ತಿರುಗಿಸುತ್ತದೆ.

ವಿದ್ಯಾರ್ಥಿಗಳು ಈ ಅಳತೆಯನ್ನು ತಾವೇ ಮಾಡಿ ನೋಡಬಹುದು. ನಾಲ್ಕೈದು ಮಂದಿ ಸೇರಿ ಇಂದಿರಾನಗರ ನಿಲ್ದಾಣದಿಂದ ದೊಮ್ಮಲೂರಿನವರೆಗೆ ನಡೆದು, ಬಾಡಿಗೆಗಿರುವ ಮನೆಗಳ ಮೊತ್ತವನ್ನೂ ನಿಲ್ದಾಣದಿಂದ ನಡೆಯಲು ಹಿಡಿದ ನಿಮಿಷಗಳನ್ನೂ ಬರೆದುಕೊಳ್ಳಲಿ. ಎರಡು ಕೋಣೆಯ ಮನೆಯನ್ನು ಎರಡು ಕೋಣೆಯ ಮನೆಯೊಡನೆಯೇ ಹೋಲಿಸಬೇಕು. ಕೊಟ್ಟ ಮುಂಗಡದ ಬಡ್ಡಿಯನ್ನೂ ಬಾಡಿಗೆಗೆ ಕೂಡಿಸಬೇಕು. ಹೊಸಬರು ಮೊದಲು ಮರೆಯುವುದು ಇದನ್ನೇ. ಅನಂತರ ಚೌಕಳಿ ಕಾಗದದ ಮೇಲೆ ಅಡ್ಡಕ್ಕೆ ನಿಮಿಷಗಳನ್ನೂ ಉದ್ದಕ್ಕೆ ರೂಪಾಯಿಗಳನ್ನೂ ಗುರುತಿಸಿ, ಚುಕ್ಕೆಗಳು ಯಾವ ಕಡೆಗೆ ವಾಲುತ್ತವೆಂದು ನೋಡಲಿ.